ಹೊಗೆಯಿಲ್ಲದ ಸಿಗರೇಟು ಮತ್ತು ನಾಳಿನ ವೈದ್ಯರು

(ಶಾಲೆಯ ರಕ್ಷಕ-ಶಿಕ್ಷಕ ಸಂಘದ ವರ್ಷಾರಂಭದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣದ ಲಿಖಿತ ರೂಪ)



ಶಾಲೆ ತೆರೆದ ತಿಂಗಳಲ್ಲಿ ಕೂಡುವ ಈ ಸಭೆಯಲ್ಲಿ ಪಠ್ಯಪುಸ್ತಕ, ಮಧ್ಯಾಹ್ನದ ಊಟ, ಮಳೆಗೆ ಸೋರುವ ಮಾಡು ಇವುಗಳ ಮಾತೇ ಹೆಚ್ಚು. ಅವನ್ನೆಲ್ಲ ಕಾರ್ಯದರ್ಶಿಗಳು ಆಗಲೇ ಅರಿಕೆ ಮಾಡಿರುವುದರಿಂದ, ನಮ್ಮ ಪಾಲಿಗೆ ಬಂದ ಅರ್ಧ ಗಂಟೆಯನ್ನು ಬೇರೊಂದು ವಿಷಯಕ್ಕೆ ವಿನಿಯೋಗಿಸಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ. ಇ-ಸಿಗರೇಟು ಎಂದೂ ಹುಡುಗರ ಬಾಯಲ್ಲಿ ವೇಪ್ ಎಂದೂ ಕರೆಯಿಸಿಕೊಳ್ಳುವ ವಿದ್ಯುತ್ ಸಿಗರೇಟಿನ ಬಗೆಗೆ, ವೈದ್ಯಕೀಯ ವ್ಯಾಸಂಗ ಮಾಡುತ್ತಿರುವ ತರುಣ ತರುಣಿಯರು ಏನನ್ನು ಬಲ್ಲರು, ಏನೆಂದು ಭಾವಿಸಿರುವರು ಎಂಬುದೇ ಆ ವಿಷಯ.

ಶಾಲೆಯ ಸಭೆಯಲ್ಲಿ ವೈದ್ಯರ ಓದಿನ ಮಾತೇಕೆ ಎಂದು ಕೆಲವರಿಗೆ ತೋರೀತು. ಈ ಗಡಿನಾಡಿನಲ್ಲಿ ಕನ್ನಡದಲ್ಲಿ ಅಕ್ಷರ ಕಲಿತು, ಮುಂದೆ ಮಂಗಳೂರು, ದೇರಳಕಟ್ಟೆ, ಪರಿಯಾರಗಳ ವೈದ್ಯಕೀಯ ಕಾಲೇಜುಗಳನ್ನು ಸೇರಿದ ಮಕ್ಕಳು ನಮ್ಮಲ್ಲಿದ್ದಾರೆ. ಅವರಲ್ಲಿ ಕೆಲವರ ಶುಲ್ಕಕ್ಕೆ ಹಣ ಕೂಡಿದ್ದು ತಾಯಿ ಬೀಡಿ ಕಟ್ಟಿದ್ದರಿಂದ ಎಂಬುದೂ ಈ ಸಭೆಗೆ ತಿಳಿಯದ್ದಲ್ಲ. ಮಾತ್ರವಲ್ಲ, ನಮ್ಮ ಊರುಗಳಲ್ಲಿ ಸಂಶಯ ಬಂದಾಗ ಜನ ಪುಸ್ತಕ ತೆರೆಯುವುದಿಲ್ಲ. ಪರಿಚಯದ ಡಾಕ್ಟರರನ್ನು ಕೇಳುತ್ತಾರೆ. ಡಾಕ್ಟರರಿಗೆ ತಿಳಿಯದ್ದು ಊರಿಗೂ ತಿಳಿಯದೆ ಉಳಿಯುತ್ತದೆ. ಅವರು ತಪ್ಪಾಗಿ ತಿಳಿದದ್ದು ಊರಿಡೀ ಹಬ್ಬುತ್ತದೆ.

ಮೊದಲು ವಸ್ತು ಯಾವುದೆಂಬುದನ್ನು ನೋಡೋಣ. ಮನೆಗಳಲ್ಲಿ ಸೊಳ್ಳೆ ಓಡಿಸಲು ಗೋಡೆಗೆ ಸಿಕ್ಕಿಸುವ ದ್ರವದ ಸೀಸೆಯನ್ನು ತಾವೆಲ್ಲ ಬಲ್ಲಿರಿ. ಸೀಸೆಯೊಳಗೆ ಒಂದು ಬತ್ತಿ, ಬತ್ತಿಯ ತುದಿಗೆ ಬಿಸಿ. ಬತ್ತಿ ಹೀರಿದ ದ್ರವ ಬಿಸಿಗೆ ಗಾಳಿಯಲ್ಲಿ ಸೇರುತ್ತದೆ. ಇ-ಸಿಗರೇಟಿನ ಒಳಗೂ ಹೆಚ್ಚುಕಡಿಮೆ ಇದೇ ಏರ್ಪಾಡು. ಚಿಕ್ಕದೊಂದು ಬ್ಯಾಟರಿ, ಸುರುಳಿ ಸುತ್ತಿದ ಲೋಹದ ತಂತಿ, ಹತ್ತಿಯ ಬತ್ತಿ ಮತ್ತು ದ್ರವ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಮಾವಿನ ಹಣ್ಣು ಪುದೀನ ಮುಂತಾದವುಗಳ ಕೃತಕ ಪರಿಮಳ ಮತ್ತು ಬಹುತೇಕ ನಿಕೊಟಿನ್ ಇರುತ್ತವೆ. ಬಾಯಲ್ಲಿಟ್ಟು ಎಳೆದಾಗ ಹೊರಬರುವುದನ್ನು ಆವಿ ಎನ್ನುವುದು ರೂಢಿ. ವಾಸ್ತವದಲ್ಲಿ ಅದು ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಹನಿಗಳ ತುಂತುರು. ಆ ತುಂತುರಿನಲ್ಲಿ ನಿಕೊಟಿನ್ ಅಲ್ಲದೆ, ದ್ರವ ಅತಿಯಾಗಿ ಕಾದಾಗ ಹುಟ್ಟುವ ಫಾರ್ಮಾಲ್ಡಿಹೈಡ್, ತಂತಿಯಿಂದಲೂ ಬೆಸುಗೆಯಿಂದಲೂ ಬಿಟ್ಟುಕೊಂಡ ನಿಕಲ್, ತವರ, ಸೀಸದ ಕಣಗಳು ಕಂಡುಬಂದಿವೆ. ಎಲೆ ಉರಿಯದಿರುವುದರಿಂದ ಸಿಗರೇಟಿನ ಟಾರ್ ಇಲ್ಲ, ಇಂಗಾಲದ ಮಾನಾಕ್ಸೈಡೂ ಇಲ್ಲವೆನ್ನುವಷ್ಟು ಕಡಿಮೆ. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ವಿದ್ಯಾರ್ಥಿಗಳಲ್ಲಿ ನಮ್ಮ ಸೂಚನೆ. ಜಗಳವೆಲ್ಲ ಹುಟ್ಟುವುದು ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದರಿಂದ.

ಇಂಥದೊಂದು ಉಪಕರಣಕ್ಕೆ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬವರು 1965ರಲ್ಲೇ ಪೇಟೆಂಟ್ ಪಡೆದಿದ್ದರು. ಅಂದು ಅದು ಮಾರುಕಟ್ಟೆಗೆ ಬರಲಿಲ್ಲ. ಈಗಿನ ರೂಪವನ್ನು 2003ರಲ್ಲಿ ಕಂಡುಹಿಡಿದವರು ಚೀನ ದೇಶದ ಔಷಧ ತಜ್ಞ ಹೊನ್ ಲಿಕ್. ಸ್ವತಃ ಧೂಮಪಾನಿಯಾಗಿದ್ದ ಅವರ ತಂದೆಯೂ ಧೂಮಪಾನಿ. ಶ್ವಾಸಕೋಶದ ಅರ್ಬುದದಿಂದ ತೀರಿಕೊಂಡವರು. ಸಿಗರೇಟು ಬಿಡಲಾರದವರಿಗೊಂದು ಊರುಗೋಲಾಗಲಿ ಎಂದು ಹೊರಟ ವಸ್ತು ಅದು. ಹನ್ನೆರಡು ವರ್ಷಗಳ ಬಳಿಕ ಅಮೆರಿಕದಲ್ಲಿ ಜೂಲ್ ಎಂಬ ಹೆಸರಿನಲ್ಲಿ ಪೆನ್‌ಡ್ರೈವಿನ ಆಕಾರ ತಾಳಿ ಬಂದಾಗ, ಅದನ್ನು ಕೊಂಡವರಲ್ಲಿ ಸಿಗರೇಟನ್ನೇ ಮುಟ್ಟದಿದ್ದ ಶಾಲಾಮಕ್ಕಳೂ ಅನೇಕರಿದ್ದರು. ಅದರ ಒಂದು ಚಿಕ್ಕ ಕರಂಡಕದಲ್ಲಿ ಇಪ್ಪತ್ತು ಸಿಗರೇಟುಗಳ ಒಂದು ಪ್ಯಾಕಿನಷ್ಟು ನಿಕೊಟಿನ್ ಇದೆಯೆಂದು ತಯಾರಕರೇ ಹೇಳಿಕೊಂಡಿದ್ದರು. ಅಲ್ಲಿನ ಪ್ರೌಢಶಾಲೆಗಳಲ್ಲಿ 2017ರಲ್ಲಿ ಶೇಕಡಾ 11.7 ಮಕ್ಕಳು ಇ-ಸಿಗರೇಟು ಸೇದುತ್ತಿದ್ದರು. 2019ಕ್ಕೆ ಶೇಕಡಾ 27.5 ಆಯಿತು. ಆಮೇಲೆ ಕಡಿಮೆಯಾಗುತ್ತ ಬಂದು 2024ರಲ್ಲಿ 7.8ಕ್ಕೆ ಇಳಿದಿದೆ.

ಇನ್ನು ವೈದ್ಯ ವಿದ್ಯಾರ್ಥಿಗಳ ಮಾತಿಗೆ ಬರೋಣ. ಕಳೆದ ಮೇ ತಿಂಗಳಲ್ಲಿ ಊರಿಗೆ ಬಂದಿದ್ದ ನಮ್ಮ ಇಬ್ಬರು ಹಳೆ ವಿದ್ಯಾರ್ಥಿಗಳು ಶಾಲೆಗೆ ಬಂದು ನಮ್ಮನ್ನು ಕಂಡರು. ಒಬ್ಬ ಹುಡುಗ ಮೂರನೆಯ ವರ್ಷದಲ್ಲಿ ಓದುತ್ತಿರುವವನು. ಒಬ್ಬ ಹುಡುಗಿ ಪರೀಕ್ಷೆ ಮುಗಿಸಿ ಹೌಸ್ ಸರ್ಜನ್ ಆಗಿರುವವಳು. ಕುಶಲ ವಿಚಾರಿಸಿದ ಮೇಲೆ, ಈ ವಸ್ತುವಿನಲ್ಲಿ ಏನಿದೆಯೆಂದು ನಾವು ಕೇಳಿದೆವು. "ಅದು ಬರೀ ನೀರಾವಿ ಮಾಸ್ಟ್ರೇ, ಸಿಗರೇಟಿನಷ್ಟು ಕೆಟ್ಟದ್ದಲ್ಲ" ಎಂದು ಹುಡುಗ ಹೇಳಿದ. "ಹಾಗಲ್ಲ ಮಾಸ್ಟ್ರೇ, ಸಿಗರೇಟನ್ನು ಮಾರಲು ಬಿಟ್ಟು ಇದನ್ನು ನಿಷೇಧಿಸಿದ್ದಾರೆಂದ ಮೇಲೆ ಇದು ಸಿಗರೇಟಿಗಿಂತಲೂ ವಿಷವೇ ಇರಬೇಕು" ಎಂದು ಹುಡುಗಿ ಹೇಳಿದಳು. "ಎಲ್ಲಿ ಓದಿದಿರಿ?" ಎಂದು ಕೇಳಿದಾಗ ಇಬ್ಬರೂ ಮುಗುಳ್ನಕ್ಕರು. ಅವನ ಗುರುಗಳು ಹಾಸ್ಟೆಲಿನ ಗೆಳೆಯರು ಮತ್ತು ಕೈಯಲ್ಲಿನ ಮೊಬೈಲು. ಅವಳದು ದಿನಪತ್ರಿಕೆಯ ತಲೆಬರಹ. ತರಗತಿಯಲ್ಲಿ ಹೊಗೆಸೊಪ್ಪಿನ ಕೆಡುಕುಗಳ ಬಗೆಗೆ ಪಾಠವಾಗಿದೆ. ಇದರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗಿದೆ. ರೋಗಿಯೊಬ್ಬ ಎದುರಿಗೆ ಕುಳಿತು ಕೇಳಿದರೆ ಏನು ಹೇಳುವಿರಿ ಎಂಬುದಕ್ಕೆ, "ಬಿಟ್ಟುಬಿಡಿ ಎನ್ನುತ್ತೇವೆ" ಎಂದರು. ಬಿಡುವುದು ಹೇಗೆಂದು ಅವನು ಮರುಪ್ರಶ್ನೆ ಹಾಕಿದರೆ? ಉತ್ತರ ಬರಲಿಲ್ಲ.

ಇಬ್ಬರೂ ಬುದ್ಧಿವಂತರು, ನಮ್ಮ ಶಾಲೆಗೆ ಹೆಮ್ಮೆ ತಂದವರು. ಆದ್ದರಿಂದಲೇ ಇದು ಅವರಿಬ್ಬರ ಕೊರತೆಯೆಂದು ನಾವು ಎಣಿಸಲಿಲ್ಲ. ಅನೇಕ ದೇಶಗಳಲ್ಲಿ ವೈದ್ಯ ವಿದ್ಯಾರ್ಥಿಗಳನ್ನು ವಿಚಾರಿಸಿ ನಡೆಸಿದ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಚಿತ್ರವೂ ಇದೇ. ಹೆಸರು ಎಲ್ಲರೂ ಕೇಳಿದ್ದಾರೆ. ಕೇಳಿದ್ದು ಗೆಳೆಯರಿಂದ, ಜಾಹೀರಾತಿನಿಂದ, ಅಂತರ್ಜಾಲದಿಂದ. ಅಧ್ಯಾಪಕರಿಂದ ಕೇಳಿದವರು ಕಡಿಮೆ. ಸಿಗರೇಟಿಗಿಂತ ಹಾನಿ ಕಡಿಮೆಯೆಂದು ನಂಬುವವರು ಬಹಳ. ರೋಗಿಗೆ ತಿಳಿಹೇಳುವ ಧೈರ್ಯವಿದೆ ಎನ್ನುವವರು ಸ್ವಲ್ಪ. ವಿಶ್ವ ಆರೋಗ್ಯ ಸಂಸ್ಥೆಯೂ ಅಮೆರಿಕದ ರೋಗ ನಿಯಂತ್ರಣ ಕೇಂದ್ರವೂ ಸೇರಿ 2005ರಿಂದ ವೈದ್ಯಕೀಯ, ದಂತವೈದ್ಯಕೀಯ, ಶುಶ್ರೂಷೆ ಮತ್ತು ಔಷಧಶಾಸ್ತ್ರಗಳ ಮೂರನೆಯ ವರ್ಷದ ವಿದ್ಯಾರ್ಥಿಗಳ ನಡುವೆ ಸಮೀಕ್ಷೆ ನಡೆಸಿದವು. ಇ-ಸಿಗರೇಟು ಇನ್ನೂ ಹರಡದಿದ್ದ ಆ ಕಾಲದಲ್ಲೇ, ಹೊಗೆಸೊಪ್ಪು ಬಿಡಿಸುವ ಕ್ರಮವನ್ನು ತಮಗೆ ಕಲಿಸಬೇಕೆಂದು ಬಹುಪಾಲು ವಿದ್ಯಾರ್ಥಿಗಳು ಹೇಳಿದ್ದರು. ಕಲಿಸಿದ್ದಾರೆ ಎಂದವರು ಕೆಲವರೇ. ರೋಗವನ್ನು ಗುರುತಿಸುವ ಪಾಠವಿದೆ, ಚಟವನ್ನು ಬಿಡಿಸುವ ಪಾಠವಿಲ್ಲ. ಹಳೆಯ ಪಾಠವೇ ಅರೆಯಾಗಿರುವಾಗ ಹೊಸ ವಸ್ತುವೊಂದು ಬಂದು ನಿಂತಿದೆ.

ಓದು ಮುಗಿಸಿದವರೂ ಈ ಗೊಂದಲದಿಂದ ಹೊರಗಿಲ್ಲ. ಅಮೆರಿಕದಲ್ಲಿ ಸಾವಿರಕ್ಕೂ ಮೇಲ್ಪಟ್ಟು ವೈದ್ಯರನ್ನು ವಿಚಾರಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹತ್ತರಲ್ಲಿ ಎಂಟು ಮಂದಿ ನಿಕೊಟಿನ್ನಿಂದಲೇ ಅರ್ಬುದ ಬರುತ್ತದೆಂದು ದೃಢವಾಗಿ ಹೇಳಿದ್ದರು. ಸಿಗರೇಟಿನಲ್ಲಿ ಅರ್ಬುದ ತರುವುದು ಮುಖ್ಯವಾಗಿ ಉರಿದ ಎಲೆಯ ಹೊಗೆಯಲ್ಲಿನ ರಾಸಾಯನಿಕಗಳು. ನಿಕೊಟಿನ್ನಿನ ಕೆಲಸ ಬೇರೆ. ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುವುದು, ಮಿದುಳನ್ನು ತನಗೆ ಒಗ್ಗಿಸಿಕೊಂಡು ಮತ್ತೆ ಮತ್ತೆ ಬೇಡುವಂತೆ ಮಾಡುವುದು ಅದರ ಗುಣ. ಮಿದುಳಿನ ಬೆಳವಣಿಗೆ ಸುಮಾರು ಇಪ್ಪತ್ತೈದರ ವಯಸ್ಸಿನವರೆಗೂ ನಡೆಯುವುದರಿಂದ ಹದಿಮೂರು ಹದಿನಾಲ್ಕರ ಮಕ್ಕಳ ಮೇಲೆ ಅದರ ಹಿಡಿತ ಬಿಗಿ. ಗಮನ, ಕಲಿಕೆ, ಮನಸ್ಸಿನ ಹತೋಟಿ ಇವುಗಳಿಗೆ ಅದು ಕೇಡು. ಅರ್ಬುದವಿಲ್ಲವಾದರೆ ಭಯವೂ ಇಲ್ಲವೆಂದು ಯಾವ ಹುಡುಗನೂ ತಿಳಿಯತಕ್ಕದ್ದಲ್ಲ. ಚಟವೆಂಬುದೇ ಸಾಕಷ್ಟು ದೊಡ್ಡ ರೋಗ.

ವೈದ್ಯರು ತಿಳಿದುಕೊಂಡದ್ದರಿಂದ ಲೋಕಕ್ಕೆ ಏನಾಗುತ್ತದೆ ಎಂಬುದಕ್ಕೆ ಹಿಂದಿನದೊಂದು ಕಥೆಯಿದೆ. 1946ರಲ್ಲಿ ಅಮೆರಿಕದ ಸಿಗರೇಟು ಕಂಪನಿಯೊಂದು, ಇತರ ಯಾವ ಸಿಗರೇಟಿಗಿಂತಲೂ ನಮ್ಮದನ್ನೇ ಹೆಚ್ಚು ಮಂದಿ ವೈದ್ಯರು ಸೇದುತ್ತಾರೆಂದು, ಬಿಳಿಯ ನಿಲುವಂಗಿ ತೊಟ್ಟ ಡಾಕ್ಟರರ ಚಿತ್ರ ಹಾಕಿ ಜಾಹೀರಾತು ಕೊಟ್ಟಿತ್ತು. ನಾಲ್ಕು ವರ್ಷಗಳಲ್ಲಿ, 1950ರಲ್ಲಿ, ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬವರು ಶ್ವಾಸಕೋಶದ ಅರ್ಬುದಕ್ಕೂ ಧೂಮಪಾನಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. ಆ ಶೋಧನೆಯ ನಡುವೆಯೇ ಡಾಲ್ ಮಹಾಶಯರು ತಮ್ಮ ಧೂಮಪಾನವನ್ನು ನಿಲ್ಲಿಸಿದರು. ಮರುವರ್ಷ ಅವರು ಮಾಡಿದ ಕೆಲಸ ಇನ್ನೂ ಸ್ವಾರಸ್ಯದ್ದು. ರೋಗಿಗಳನ್ನು ಬಿಟ್ಟು ವೈದ್ಯರನ್ನೇ ಅಧ್ಯಯನಕ್ಕೆ ಆರಿಸಿಕೊಂಡು, ಬ್ರಿಟನ್ನಿನ ವೈದ್ಯರಿಗೆಲ್ಲ, ತಾವು ಸೇದುತ್ತೀರಾ, ಎಷ್ಟು ಸೇದುತ್ತೀರಿ ಎಂದು ಕೇಳುವ ಪತ್ರ ಬರೆದರು. ಉತ್ತರಿಸಿದವರಲ್ಲಿ 34,439 ಮಂದಿ ಪುರುಷ ವೈದ್ಯರನ್ನು ಐವತ್ತು ವರ್ಷಗಳ ಕಾಲ ಬೆಂಬತ್ತಿ, ಯಾರು ಯಾವಾಗ ಏತರಿಂದ ತೀರಿಕೊಂಡರೆಂದು ಬರೆದಿಟ್ಟರು. 2004ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಜೀವಮಾನವಿಡೀ ಸಿಗರೇಟು ಸೇದಿದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಸತ್ತರು. ಅರುವತ್ತರಲ್ಲಿ ಬಿಟ್ಟವರಿಗೆ ಮೂರು ವರ್ಷ, ಐವತ್ತರಲ್ಲಿ ಬಿಟ್ಟವರಿಗೆ ಆರು, ನಲುವತ್ತರಲ್ಲಿ ಬಿಟ್ಟವರಿಗೆ ಒಂಬತ್ತು, ಮೂವತ್ತರಲ್ಲಿ ಬಿಟ್ಟವರಿಗೆ ಹತ್ತೂ ವರ್ಷ ಮರಳಿ ದೊರೆತವು. ಸಭೆಯಲ್ಲಿರುವ ತಂದೆಯರು ತಂತಮ್ಮ ವಯಸ್ಸನ್ನು ಈ ಪಟ್ಟಿಯಲ್ಲಿ ಹುಡುಕಿಕೊಳ್ಳಬಹುದು. ಹೀಗೆ ತಮ್ಮ ಸಹೋದ್ಯೋಗಿಗಳ ಸಾವಿನ ಲೆಕ್ಕವನ್ನೇ ಕಣ್ಣೆದುರು ಕಂಡ ಬ್ರಿಟನ್ನಿನ ವೈದ್ಯರು ಜನಸಾಮಾನ್ಯರಿಗಿಂತ ಮೊದಲು ಸಿಗರೇಟು ಬಿಟ್ಟರು. ಆಮೇಲೆ ಅವರ ಮಾತಿಗೆ ತೂಕ ಬಂತು.

ಈ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದ ಕಾರಣವಿದೆ. ಸಿಗರೇಟಿನ ಮೇಲೆ ಐವತ್ತು ವರ್ಷಗಳ ಲೆಕ್ಕವಿದೆ. 2003ರಲ್ಲಿ ಹುಟ್ಟಿದ ವಸ್ತುವಿನ ಮೇಲೆ ಅಂಥ ಲೆಕ್ಕ ಇರುವುದು ಸಾಧ್ಯವಿಲ್ಲ. ಇಂದು ಇಪ್ಪತ್ತರ ವಯಸ್ಸಿನ ವೈದ್ಯ ವಿದ್ಯಾರ್ಥಿಗಳೇ ತಮ್ಮ ವೃತ್ತಿಯ ನಲುವತ್ತು ವರ್ಷಗಳಲ್ಲಿ ಆ ಲೆಕ್ಕವನ್ನು ಬರೆಯಬೇಕಾದವರು.

ಅಷ್ಟರವರೆಗೆ ಹಿರಿಯರೇ ಒಮ್ಮತಕ್ಕೆ ಬಂದಿಲ್ಲ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ 2015ರಲ್ಲಿ ಇ-ಸಿಗರೇಟಿನ ಹಾನಿ ಸಿಗರೇಟಿಗಿಂತ ಶೇಕಡಾ 95ರಷ್ಟು ಕಡಿಮೆಯೆಂದು ಹೇಳಿತು. ಈ ಅಂಕಿಗೆ ಆಧಾರ ಸಾಲದೆಂದು ಟೀಕೆಯೂ ಬಂತು. ಅಲ್ಲಿಯೇ 886 ಮಂದಿ ಧೂಮಪಾನಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಇ-ಸಿಗರೇಟಿನ ಸಹಾಯ ಪಡೆದವರಲ್ಲಿ ಶೇಕಡಾ 18 ಮಂದಿ ವರ್ಷದ ಕೊನೆಗೆ ಸಿಗರೇಟು ಬಿಟ್ಟಿದ್ದರು. ನಿಕೊಟಿನ್ ಅಂಟುಪಟ್ಟಿ, ಚೂಯಿಂಗ್ ಗಮ್ ಮುಂತಾದವುಗಳನ್ನು ಬಳಸಿದವರಲ್ಲಿ ಶೇಕಡಾ 9.9 ಮಂದಿ. ಆದರೆ ಇ-ಸಿಗರೇಟಿನಿಂದ ಸಿಗರೇಟು ಬಿಟ್ಟವರಲ್ಲಿ ನೂರಕ್ಕೆ ಎಂಬತ್ತು ಮಂದಿ ಇ-ಸಿಗರೇಟನ್ನು ಬಿಟ್ಟಿರಲಿಲ್ಲ. ಮಕ್ಕಳ ಕೈಗೆ ಹೋಗುತ್ತಿದೆಯೆಂದು ಕಂಡುಕೊಂಡ ಅದೇ ದೇಶ, ಒಮ್ಮೆ ಬಳಸಿ ಎಸೆಯುವ ಮಾದರಿಗಳ ಮಾರಾಟವನ್ನು 2025ರ ಜೂನ್ 1ರಿಂದ ನಿಲ್ಲಿಸಿತು. ನಮ್ಮ ದೇಶ ಬೇರೆ ದಾರಿ ಹಿಡಿಯಿತು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು 2019ರ ಮೇ ತಿಂಗಳಲ್ಲಿ ಸಂಪೂರ್ಣ ನಿಷೇಧವನ್ನು ಸೂಚಿಸಿತು. ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆಯೂ ಡಿಸೆಂಬರಿನಲ್ಲಿ ಕಾನೂನೂ ಆಯಿತು. ತಯಾರಿ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಬಾರಿಗೆ ಒಂದು ವರ್ಷದ ವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಯ ವರೆಗೆ ದಂಡ, ಅಥವಾ ಎರಡೂ.

ಸಿಗರೇಟನ್ನು ಅಂಗಡಿಯಲ್ಲಿ ಬಿಟ್ಟು ಇದನ್ನು ಮಾತ್ರ ನಿಷೇಧಿಸಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಹಳೆಯ ಕೆಡುಕೊಂದು ಬೇರುಬಿಟ್ಟಿರುವುದು ಹೊಸ ಕೆಡುಕನ್ನು ನೆಡುವುದಕ್ಕೆ ಕಾರಣವಾಗದೆಂಬುದು ನಮ್ಮ ಅಭಿಪ್ರಾಯ. ಶಾಲೆ ನಡೆಸುವವರು ಹಾಗೆ ಯೋಚಿಸುವುದು ಸಹಜ. ಹತ್ತಾರು ವರ್ಷ ಸೇದಿ ಬಿಡಲಾರದೆ ಒದ್ದಾಡುವ ಮುದುಕನ ಪಕ್ಕದಲ್ಲಿ ಕುಳಿತ ವೈದ್ಯನಿಗೆ ಬೇರೆಯಾಗಿ ತೋರಿದರೆ ಅವನನ್ನು ನಾವು ಹಳಿಯುವುದಿಲ್ಲ. ಹೇಳಬೇಕಾದದ್ದೇನೆಂದರೆ, ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಒಬ್ಬರು ನಾಳೆ ಇಂಗ್ಲೆಂಡಿನ ಆಸ್ಪತ್ರೆಯಲ್ಲಿಯೂ ಇನ್ನೊಬ್ಬರು ಬದಿಯಡ್ಕದ ದವಾಖಾನೆಯಲ್ಲಿಯೂ ಕುಳಿತಿರಬಹುದು. ಇಬ್ಬರೂ ಒಂದೇ ವಸ್ತುವಿನ ಬಗೆಗೆ ಎರಡು ಬೇರೆ ಮಾತುಗಳನ್ನು ಆಡಬೇಕಾಗುತ್ತದೆ. ಏಕೆಂಬುದು ತಿಳಿದಿದ್ದರೆ ಇಬ್ಬರದೂ ವೈದ್ಯದ ಮಾತಾಗುತ್ತದೆ. ತಿಳಿಯದಿದ್ದರೆ ಇಬ್ಬರದೂ ಹಾಸ್ಟೆಲಿನ ಮಾತು.

ಕೇಳಿದ್ದರಲ್ಲಿ ಅರ್ಧವನ್ನೇ ಹಿಡಿದುಕೊಳ್ಳುವುದಕ್ಕೂ ಒಂದು ಉದಾಹರಣೆ ಕೊಡುತ್ತೇವೆ. 2019ರ ಬೇಸಗೆಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಕ್ಕಳ ಆಸ್ಪತ್ರೆಗೆ, ಆರೋಗ್ಯವಂತರಾಗಿದ್ದ ಹದಿಹರೆಯದ ಮಕ್ಕಳು ಉಸಿರಾಡಲಾರದೆ ಬಂದರು. ಸಾಮಾನ್ಯ ನ್ಯುಮೋನಿಯವೆಂದು ಬಿಟ್ಟುಬಿಡದೆ ವೈದ್ಯರು ವಿಚಾರಿಸಲಾಗಿ ಎಲ್ಲರೂ ವೇಪ್ ಸೇದಿದವರೆಂದು ತಿಳಿಯಿತು. 2020ರ ಫೆಬ್ರವರಿಯ ವೇಳೆಗೆ ಆ ದೇಶದಲ್ಲಿ 2,807 ಮಂದಿ ಆಸ್ಪತ್ರೆ ಸೇರಿದ್ದರು ಅಥವಾ ತೀರಿಕೊಂಡಿದ್ದರು; ತೀರಿಕೊಂಡವರು 68. ಇಷ್ಟು ಸುದ್ದಿ ಎಲ್ಲರಿಗೂ ಮುಟ್ಟಿತು. ಮುಂದಿನದು ಅಷ್ಟಾಗಿ ಮುಟ್ಟಲಿಲ್ಲ. 51 ರೋಗಿಗಳ ಶ್ವಾಸಕೋಶದಿಂದ ತೆಗೆದ ದ್ರವವನ್ನು ಪರೀಕ್ಷಿಸಿದಾಗ 48 ಮಂದಿಯಲ್ಲಿ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ಪದಾರ್ಥ ಸಿಕ್ಕಿತು. ಬಹುಮಟ್ಟಿಗೆ ಕಳ್ಳದಾರಿಯಲ್ಲಿ ಮಾರಿದ ಗಾಂಜಾ ಸತ್ವದ ದ್ರವಕ್ಕೆ ಅದನ್ನು ಬೆರೆಸಿದ್ದರು. ಚರ್ಮಕ್ಕೆ ಹಚ್ಚಿದರೆ, ಹೊಟ್ಟೆಗೆ ತಿಂದರೆ ಕೇಡು ಮಾಡದ ವಸ್ತು ಶ್ವಾಸಕ್ಕೆ ಹೋದಾಗ ಪ್ರಾಣ ತೆಗೆಯಿತು. ತಿನ್ನುವ ಪರಿಮಳ ತಾನೇ, ಎಳೆದರೇನು ಎಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ. ನಿಷೇಧವಿರುವ ನಾಡಿನಲ್ಲಿ ಗುಟ್ಟಾಗಿ ಕೊಂಡ ಡಬ್ಬಿಯೊಳಗೆ ಏನಿದೆಯೆಂದು ಮಾರಿದವನಿಗೂ ಗೊತ್ತಿರುವುದಿಲ್ಲ.

ವಿಸ್ಕಾನ್ಸಿನ್ ದೂರವಾಯಿತು. ಸಣ್ಣ ಹನಿಗಳ ತುಂತುರಿನ ಬಗೆಗೆ ಕಾಸರಗೋಡಿನವರಾದ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ವರೆಗೆ ನಮ್ಮ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲವನ್ನು ಇಲ್ಲಿರುವ ಹಿರಿಯರು ಕಂಡಿದ್ದಾರೆ. ಎಣ್ಮಕಜೆಯ ಪಡ್ರೆಯಲ್ಲಿ ವೈದ್ಯ ವೃತ್ತಿಯಲ್ಲಿದ್ದ ಡಾಕ್ಟರ್ ವೈ. ಎಸ್. ಮೋಹನ ಕುಮಾರ್ ಅವರು, ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರರೋಗ, ಬುದ್ಧಿಮಾಂದ್ಯ, ಅರ್ಬುದಗಳು ಒಂದು ಚಿಕ್ಕ ಪ್ರದೇಶದಲ್ಲಿ ಇಷ್ಟು ಹೆಚ್ಚು ಏಕೆಂದು ಕೇಳಿದರು. ಅದಕ್ಕೆ ಉತ್ತರ ಅವರು ಓದಿದ ಪುಸ್ತಕದಲ್ಲಿ ಇರಲಿಲ್ಲ. ಪತ್ರಕರ್ತ ಶ್ರೀಪಡ್ರೆಯವರು ಆ ಪ್ರಶ್ನೆಯನ್ನು ಹೊರಲೋಕಕ್ಕೆ ಮುಟ್ಟಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ದೇಶದಲ್ಲಿ ತಡೆಯಿತು. ವೈದ್ಯನಾಗಬಯಸುವ ನಮ್ಮ ಹುಡುಗರಿಗೆ ಮಾದರಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

ಪಾಲಕರಿಗೆ ನಾಲ್ಕು ಮಾತು. 2019ರಲ್ಲಿ ನಮ್ಮ ದೇಶದ ಶಾಲೆಗಳಲ್ಲಿ ಹದಿಮೂರರಿಂದ ಹದಿನೈದರ ವಯಸ್ಸಿನ ಮಕ್ಕಳ ಸಮೀಕ್ಷೆ ನಡೆದಾಗ ಶೇಕಡಾ 2.8 ಮಂದಿ ಒಮ್ಮೆಯಾದರೂ ಇ-ಸಿಗರೇಟು ಸೇದಿದ್ದರು, ಶೇಕಡಾ 8.5 ಮಂದಿ ಯಾವುದಾದರೊಂದು ರೂಪದಲ್ಲಿ ಹೊಗೆಸೊಪ್ಪು ಬಳಸುತ್ತಿದ್ದರು. ಹೊಸದರ ಗಲಾಟೆಯಲ್ಲಿ ಹಳೆಯದನ್ನು ಮರೆಯಬಾರದು. ಬೀಡಿ ಸಿಗರೇಟಿಗಿಂತ ಸೌಮ್ಯವೆಂಬುದು ಬರಿಯ ನಂಬಿಕೆ. ಅದರ ಹೊಗೆಯಲ್ಲಿ ಟಾರೂ ನಿಕೊಟಿನ್ನೂ ಹೆಚ್ಚು. ಮಗುವಿನ ಚೀಲದಲ್ಲಿ ಪೆನ್ನಿನಂಥದೋ ಪೆನ್‌ಡ್ರೈವಿನಂಥದೋ ಹಣ್ಣಿನ ವಾಸನೆಯ ವಸ್ತು ಸಿಕ್ಕಿದರೆ ಹೊಡೆಯಲು ಕೈ ಎತ್ತಬೇಡಿ; ಎಲ್ಲಿಂದ ಬಂತೆಂದು ಕೇಳಿರಿ, ನಮಗೂ ತಿಳಿಸಿರಿ. ಹೊಡೆತ ತಿಂದ ಹುಡುಗ ಮುಂದೆ ಬಚ್ಚಿಡುವುದನ್ನು ಮಾತ್ರ ಚೆನ್ನಾಗಿ ಕಲಿಯುತ್ತಾನೆ. ಬಿಡಬೇಕೆನ್ನುವ ದೊಡ್ಡವರಿಗೆ ಸರಕಾರದ ಉಚಿತ ದೂರವಾಣಿ 1800-11-2356 ಇದೆ. ಸಂಖ್ಯೆಯನ್ನು ಫಲಕದಲ್ಲಿ ಬರೆಸಿದ್ದೇವೆ.

ಆ ಇಬ್ಬರು ಹಳೆ ವಿದ್ಯಾರ್ಥಿಗಳು ಓಣಂ ರಜೆಯ ಮೊದಲು ಒಂದು ಶನಿವಾರ ಶಾಲೆಗೆ ಬಂದು ಮಕ್ಕಳ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರಿಸಲು ಒಪ್ಪಿದ್ದಾರೆ. ಅಷ್ಟರಲ್ಲಿ ಓದಿಕೊಂಡು ಬರುತ್ತೇವೆ ಎಂದೂ ಹೇಳಿದ್ದಾರೆ. ಕಚೇರಿಯ ಹೊರಗೆ ಒಂದು ಪೆಟ್ಟಿಗೆ ಇರಿಸಿದ್ದೇವೆ. ಚೀಟಿಯಲ್ಲಿ ಹೆಸರು ಬರೆಯಬೇಕಾಗಿಲ್ಲ. ಈ ವರೆಗೆ ಬಂದ ಹನ್ನೊಂದು ಚೀಟಿಗಳಲ್ಲಿ ಒಂದನ್ನು ಮಾತ್ರ ಓದುತ್ತೇವೆ: "ಅಮ್ಮ ದಿನವೂ ಬೀಡಿ ಕಟ್ಟಿ ಬ್ರಾಂಚಿಗೆ ಕೊಡುತ್ತಾಳೆ. ಅವಳು ಸೇದುವುದಿಲ್ಲ. ಆದರೆ ಹುಡಿ ಕೈಗೂ ಮೂಗಿಗೂ ಹೋಗುತ್ತದೆ. ಅವಳಿಗೂ ನಿಕೊಟಿನ್ ಸೇರುತ್ತದೆಯೇ?" ಸೇರುತ್ತದೆ, ಬೀಡಿ ಕಟ್ಟುವವರ ಮೂತ್ರದಲ್ಲಿ ಅದರ ಅಂಶವನ್ನು ಪರೀಕ್ಷಕರು ಕಂಡಿದ್ದಾರೆ. ಕಡಿಮೆ ಮಾಡಲು ಏನು ಮಾಡಬೇಕೆಂಬುದನ್ನು ಕೂಡ ಓದಿಕೊಂಡು ಬರಬೇಕೆಂದು, ಆ ಚೀಟಿಯ ನಕಲನ್ನು ನಾವು ಅವರಿಬ್ಬರಿಗೂ ಕಳುಹಿಸಿಕೊಟ್ಟಿದ್ದೇವೆ.